ಒಳಗೆ ಹಾಗೇ ಬಿಡಿ

ಹೋದ ವಾರ ಬಾಗಿಲು ಸರಿಮಾಡಲು ಬಂದ ಬಡಗಿ ಜಗಲಿಯಲ್ಲಿ ಕೂತು ಹಲಗೆಗೆ ಉಪ್ಪುಕಾಗದ ಉಜ್ಜತೊಡಗಿದ. ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಕೈ ತಾನಾಗಿ ನಿಂತಿತು. ಸದ್ದು ಅದೇ, ಆದರೆ ಅದಲ್ಲ. ಉಪ್ಪುಕಾಗದ ಮರವನ್ನು ಗದರಿಸುತ್ತದೆ. ನಮ್ಮ ಮನೆಯಲ್ಲಿ ಉಜ್ಜುತ್ತಿದ್ದ ಗರಗತ್ತಿ ಎಲೆಯ ಸದ್ದು ಅಷ್ಟು ಜೋರಿರಲಿಲ್ಲ. ಒಣಗಿದ ಆ ಎಲೆಯ ಬೆನ್ನು ಹಸುವಿನ ನಾಲಿಗೆಯ ಹಾಗೆ ತರಿತರಿ. ಸರ್ ಸರ್ ಎಂದು ಉಜ್ಜಿದರೆ ಮರ ಕನ್ನಡಿಯಾಗುವುದು, ಉದುರಿದ ಪುಡಿಗೆ ಗಂಧವೋ ಹಸಿ ಸೊಪ್ಪೋ ಎಂದು ಹೇಳಲಾಗದ ಒಂದು ವಾಸನೆ. ಅರವತ್ತರ ದಶಕದಲ್ಲಿ ಸಾಗರದ ಕೆತ್ತನೆಯವರ ಕೇರಿಯಲ್ಲಿ ಬೆಳೆದವರಿಗೆ ಇದು ಗೊತ್ತು. ಉಳಿದವರಿಗೂ ಇಂಥ ಯಾವುದೋ ಒಂದು ಸದ್ದು ಇದ್ದೇ ಇರುತ್ತದೆ, ಕಿವಿಗೆ ಬಿದ್ದರೆ ಈಗ ಇಲ್ಲದ ಮನೆಗೆ ಕರೆದುಕೊಂಡು ಹೋಗುವಂಥದ್ದು. ನಾನಂತೂ ಮೊರ ಕೆಳಗಿಟ್ಟು ಆ ಸದ್ದನ್ನೇ ಕೇಳುತ್ತ ಕೂತುಬಿಟ್ಟೆ.

ಅಪ್ಪ ಗಂಧದ ಪೆಟ್ಟಿಗೆ ಕೆತ್ತುತ್ತಿದ್ದ. ಮುಚ್ಚಳದ ಮೇಲೆ ಬಳ್ಳಿ, ಬಳ್ಳಿಯಲ್ಲಿ ಗಿಳಿ. ಕೆತ್ತಿದ್ದಕ್ಕಿಂತ ಹೆಚ್ಚು ಹೊತ್ತು ಎಲೆ ಉಜ್ಜುತ್ತಿದ್ದ, ಪೆಟ್ಟಿಗೆಯ ತಳಕ್ಕೂ, ಒಳಮೂಲೆಗೂ, ಯಾರ ಕಣ್ಣಿಗೂ ಬೀಳದ ಕಡೆಗೂ. ಕಾಣದ ಕಡೆ ನಯವಾಗುವವರೆಗೆ ಕೆಲಸ ಮುಗಿಯಲಿಲ್ಲ ಎಂಬುದು ಅವನ ಲೆಕ್ಕ. ಈ ಹುಚ್ಚು ಅಡುಗೆಮನೆಗೂ ನುಗ್ಗಿತ್ತು. ಅಮ್ಮನಿಗೆ ಅವನು ಮಾಡಿಕೊಟ್ಟ ಕಡೆಗೋಲು ಎಷ್ಟು ನಯವಾಗಿತ್ತೆಂದರೆ ಮಜ್ಜಿಗೆ ಕಡೆಯುವಾಗ ಹಗ್ಗವೇ ಜಾರುತ್ತಿತ್ತು. ಹಗ್ಗಕ್ಕೂ ಹಿಡ್ಕೊಳ್ಳೋಕೆ ಏನಾದ್ರೂ ಬೇಡ್ವಾ ಎಂದು ಅಮ್ಮ ಎರಡು ಸಲ ಹೇಳಿ ನೋಡಿದಳು, ಮೂರನೆಯ ಸಲ ಹೇಳದೆ ತರಕಾರಿ ಹೆಚ್ಚುವ ಕತ್ತಿಯಿಂದ ಅದರ ಮೈಗೆ ನಾಲ್ಕು ಸೊಟ್ಟ ಗೀರು ಎಳೆದಳು. ಅಪ್ಪ ಎರಡು ದಿನ ಮಾತು ಬಿಟ್ಟ. ನನಗೆ ಒಂಬತ್ತು ವರ್ಷವಾದಾಗ ಅಮ್ಮ ಜ್ವರದಲ್ಲಿ ಹೋದಳು. ಆಮೇಲೆ ಮನೆಯಲ್ಲಿ ಯಾರೂ ಮಜ್ಜಿಗೆ ಕಡೆಯಲಿಲ್ಲ. ಕಡೆಗೋಲು ಅಡುಗೆಮನೆಯ ಗೂಟದಲ್ಲಿ ನೇತಾಡುತ್ತಿತ್ತು, ಅಪ್ಪ ಅದರ ಕಡೆ ನೋಡುತ್ತಿರಲಿಲ್ಲ. ಅಮ್ಮನ ಹೆಸರು ಅವನ ಬಾಯಿಂದ ಮತ್ತೆ ಬರಲಿಲ್ಲ. ಗಂಜಿಗೆ ಉಪ್ಪು ಹಾಕಿದೆಯಾ, ಬಾಗಿಲು ಹಾಕಿದೆಯಾ, ಇಷ್ಟು ಬಿಟ್ಟರೆ ನಮ್ಮಿಬ್ಬರ ನಡುವೆ ಎಲೆಯ ಸದ್ದೇ ಮಾತು. ಆ ಮನೆಯಲ್ಲಿ ನಾನು ಎಷ್ಟು ಒಂಟಿಯಾಗಿದ್ದೆ ಎಂದರೆ ಹಲ್ಲಿ ಲೊಚಗುಟ್ಟಿದರೂ ಯಾರೋ ಮಾತಾಡಿದರು ಅನ್ನಿಸುತ್ತಿತ್ತು.

ಅದೇ ವರ್ಷ ನಮ್ಮ ಶಾಲೆಗೆ ತೀರ್ಥಹಳ್ಳಿ ಕಡೆಯಿಂದ ಹೊಸ ಅಕ್ಕೋರು ಬಂದರು. ವಿಜ್ಞಾನ ಅವರ ಪಾಠ, ಆದರೆ ಪುಸ್ತಕ ತೆಗೆದದ್ದು ಕಡಿಮೆ. ಒಂದು ದಿನ ಬಂದವರೇ, ಹಕ್ಕಿಗೊಂದು ಮನೆ ಕಟ್ಟೋಣ, ಅದರಲ್ಲಿ ಏನೇನಿರಬೇಕು ಹೇಳಿ ಎಂದರು. ನಾವೋ, ಕಿಟಕಿ ಎಂದೆವು, ಮೆಟ್ಟಿಲು ಎಂದೆವು. ಒಬ್ಬನಂತೂ ದೇವರ ಗೂಡು ಬೇಕೇ ಬೇಕು ಎಂದು ಹಟ ಹಿಡಿದ. ಅಕ್ಕೋರು ನಗಲಿಲ್ಲ. ಎಂಟು ದಿನ ನಮ್ಮನ್ನು ಶಾಲೆಯ ಹಿಂದಿನ ಬೇಲಿಯ ಹತ್ತಿರ ಕೂರಿಸಿ ಮಡಿವಾಳ ಹಕ್ಕಿಯನ್ನು ನೋಡಲು ಹಚ್ಚಿದರು. ಕಪ್ಪು ಬಿಳುಪಿನ, ಬಾಲ ನಿಗುರಿಸಿ ಹಾಡುವ ಹಕ್ಕಿ ಅದು, ಪೊಟರೆಯಲ್ಲಿ ಗೂಡು ಮಾಡುತ್ತದೆ. ಎಲ್ಲಿ ಕೂರುತ್ತದೆ, ಏನು ಕಚ್ಚಿಕೊಂಡು ಹೋಗುತ್ತದೆ, ಎಲ್ಲ ಬರೆಯಬೇಕು. ಬರೆದಾದ ಮೇಲೆ ನಮ್ಮ ಕಿಟಕಿ ಮೆಟ್ಟಿಲುಗಳು ತಾವಾಗಿ ಬಿದ್ದುಹೋದವು. ಮೊದಲು ರಟ್ಟಿನಲ್ಲಿ ಮಾಡಿದೆವು. ಯಾವುದನ್ನೂ ಅವರು ತಪ್ಪು ಎನ್ನುತ್ತಿರಲಿಲ್ಲ, ನೀರು ಹಾಕಿ ನೋಡು ಎನ್ನುತ್ತಿದ್ದರು. ಒಂದು ಚೊಂಬು ನೀರು ಸುರಿದರೆ ತಳದಲ್ಲಿ ತೂತು ಯಾಕೆ ಬೇಕು, ಮೇಲಿನ ಮಾಡು ಯಾಕೆ ಮುಂದೆ ಚಾಚಬೇಕು, ಹಕ್ಕಿ ಒಳಹೋಗುವ ಬಾಯಿ ಯಾಕೆ ಮಳೆ ಬರುವ ಪಡುವಣಕ್ಕೆ ಬೆನ್ನು ಹಾಕಬೇಕು, ಎಲ್ಲ ಗೊತ್ತಾಗುತ್ತಿತ್ತು. ಬಾಯಿಯ ಅಳತೆಗೆ ನಾನು ಅಮ್ಮನ ಕುಂಕುಮದ ಭರಣಿಯ ಮುಚ್ಚಳ ಇಟ್ಟು ಗೆರೆ ಎಳೆದೆ. ಕಡೆಗೆ ಮರದಲ್ಲಿ ಮಾಡುವ ದಿನ ಅಕ್ಕೋರು ಒಂದು ಮಾತು ಹೇಳಿದರು.

“ಹೊರಗೆ ಬೇಕಾದ್ರೆ ಚಂದ ಮಾಡಿ. ಒಳಗೆ ಹಾಗೇ ಬಿಡಿ, ಒರಟಾಗಿರ್ಲಿ.”

ಕೇಳಿಸಲಿಲ್ಲ ಎಂದರೆ ಸುಳ್ಳಾದೀತು. ಚೆನ್ನಾಗಿ ಕೇಳಿಸಿತು. ಆದರೆ ಒರಟು ಎನ್ನುವುದು ನಮ್ಮ ಮನೆಯಲ್ಲಿ ಬೈಗುಳ. ಒಂದು ಕೆಲಸ ಒರಟು ಎಂದು ಅಪ್ಪ ಹೇಳಿದರೆ ಅದು ಒಲೆಗೇ ಹೋಗಬೇಕು. ಈ ಮಾತು ಟೀ ಪೆಟ್ಟಿಗೆಯ ಹಲಗೆಗೆ ಮೊಳೆ ಹೊಡೆಯಲೂ ಬಾರದ ಉಳಿದ ಮಕ್ಕಳಿಗೆ, ನನಗಲ್ಲ ಎಂದುಕೊಂಡೆ. ಎಂಥ ಜಂಬ ನೋಡಿ! ಅಪ್ಪನನ್ನು ಕೇಳಿ ಶಿವನೆ ಮರದ ತುಂಡುಗಳನ್ನು ತೆಗೆದುಕೊಂಡೆ, ಆನಂದಪುರದ ದಾರಿಯ ಮರಗಳಿಂದ ಅವನು ತಂದು ಒಣಗಿಸಿದ್ದ ಗರಗತ್ತಿ ಎಲೆಯ ಕಟ್ಟಿನಿಂದ ಒಂದು ಹಿಡಿ ಎಳೆದುಕೊಂಡೆ. ಜೋಡಿಸುವ ಮೊದಲು ಒಂದೊಂದು ಹಲಗೆಯ ಒಳಮೈಯನ್ನೂ ನಾಲ್ಕು ದಿನ ಉಜ್ಜಿದೆ. ಬೆರಳ ತುದಿ ಸುಲಿದು ಗಂಜಿಯ ಉಪ್ಪು ತಾಗಿದರೆ ಉರಿಯುತ್ತಿತ್ತು. ನಾಲ್ಕನೆಯ ದಿನ ಅಪ್ಪ ತನ್ನ ಕೆಲಸ ಬಿಟ್ಟು ಎದ್ದು ಬಂದ. ಹಲಗೆ ಎತ್ತಿಕೊಂಡು ಒಳಮೈಯ ಮೇಲೆ ಹೆಬ್ಬೆರಳು ಎಳೆದ, ಬೆಳಕಿಗೆ ಹಿಡಿದ, ಹ್ಞೂ ಎಂದ. ಅಷ್ಟೇ. ಅವನಿಂದ ಆ ಒಂದು ಹ್ಞೂ ಕೇಳಲು ನಾನು ಇಡೀ ಕೈ ಸುಲಿದುಕೊಳ್ಳುತ್ತಿದ್ದೆ.

ಹಿತ್ತಲ ನುಗ್ಗೆಮರದ ಪಕ್ಕದ ಗೋಡೆಗೆ, ಮೂಡಣಕ್ಕೆ ಮುಖ ಮಾಡಿ, ಅಪ್ಪನೇ ಗೂಡು ಕಟ್ಟಿಕೊಟ್ಟ. ಇಡೀ ತರಗತಿಯಲ್ಲಿ ಮೊದಲು ಹಕ್ಕಿ ಬಂದದ್ದು ನನ್ನ ಗೂಡಿಗೆ. ಬೇರು, ನಾರು, ನಮ್ಮ ಬಾಚಣಿಗೆಯಿಂದ ಬಿದ್ದ ಕೂದಲು, ಎಲ್ಲ ಒಳಗೆ ಹೋಯಿತು. ನಾಲ್ಕು ಮೊಟ್ಟೆ, ಆಮೇಲೆ ನಾಲ್ಕು ಬಾಯಿ. ಅಪ್ಪ ಕೆತ್ತುವ ಮಣೆಯನ್ನು ಹಿಂದಿನ ಜಗಲಿಗೆ ಹಾಕಿಕೊಂಡ. ಮರಿಗಳ ಚಿಲಿಪಿಲಿ ಕೇಳುತ್ತ ಅವನು, ಅವನನ್ನು ನೋಡುತ್ತ ನಾನು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಮೊದಲ ಸಲ ನನಗೆ ಹಸಿವಾಗತೊಡಗಿತು.

ಮರಿಗಳ ರೆಕ್ಕೆ ಬಲಿತವು, ಹಾರುವ ದಿನ ಬಂತು, ಆದರೆ ಯಾವುದೂ ಹೊರಗೆ ಬರಲಿಲ್ಲ. ತಾಯಿಹಕ್ಕಿ ಒಳಗೆ ಹೋಗದೆ, ಹುಳ ಕಚ್ಚಿಕೊಂಡು ನುಗ್ಗೆಯ ಕೊಂಬೆಯಲ್ಲೇ ಕೂತು ಅವನ್ನು ಹೊರಗೆ ಕರೆಯುವುದು. ಒಳಗೆ ಪರಪರ ಸದ್ದು, ಆಮೇಲೆ ಧೊಪ್ಪನೆ ಬಿದ್ದ ಸದ್ದು. ಎರಡು ದಿನ ಹೀಗೇ. ಮೂರನೆಯ ದಿನ ಧೊಪ್ಪೆನ್ನುವುದೂ ಕಡಿಮೆಯಾಯಿತು. ನಾನು ಓಡಿಹೋಗಿ ಅಕ್ಕೋರನ್ನು ಕರೆತಂದೆ. ಅವರು ಗೂಡು ಇಳಿಸಿ, ಮಾಡು ಬಿಚ್ಚಿ, ಒಳಗೆ ಕೈ ಹಾಕಿದರು. ಎರಡು ಮರಿ ಸತ್ತಿದ್ದವು. ಅಕ್ಕೋರು ಬೈಯಲಿಲ್ಲ. ಬದುಕಿದ್ದ ಎರಡರಲ್ಲಿ ಒಂದನ್ನು ನನ್ನ ಅಂಗೈ ಮೇಲೆ ಇಟ್ಟರು, ಅದರ ಉಗುರು ಚರ್ಮಕ್ಕೆ ನಾಟಿತು. ಆಮೇಲೆ ಅದನ್ನೇ ನಾನು ಉಜ್ಜಿದ ಹಲಗೆಯ ಮೇಲೆ ಇಟ್ಟು ಹಲಗೆಯನ್ನು ಸ್ವಲ್ಪ ಎತ್ತಿದರು. ಮರಿ ಜಾರಿತು. ಇನ್ನೊಮ್ಮೆ ಎತ್ತಿದರು, ಮತ್ತೆ ಜಾರಿತು. ನನಗೆ ಎಲ್ಲ ಅರ್ಥವಾಯಿತು, ಸತ್ತ ಮರಿಗಳ ಕಡೆ ನೋಡಲಾಗಲಿಲ್ಲ.

ಜಗಲಿಯಲ್ಲಿದ್ದ ಅಪ್ಪ ಎಲ್ಲವನ್ನೂ ನೋಡಿದ್ದ. “ಅವಳಿಗೆ ಏನೂ ಅನ್ಬೇಡಿ ಅಕ್ಕೋರೆ,” ಎಂದ. “ಉಜ್ಜೋಕೆ ಕಲ್ಸಿದ್ದು ನಾನು.” ಹೇಳಿ ಒಳಗೆ ಹೋದವನು ತುಸು ಹೊತ್ತು ಬರಲಿಲ್ಲ. ಬಂದಾಗ ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಅಮ್ಮನ ಕಡೆಗೋಲು. ಮಣೆಯ ಮೇಲೆ ಕೂತು ಕಡೆಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಆ ನಾಲ್ಕು ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ.

“ನಿಮ್ಮಮ್ಮ ಅವತ್ತೇ ಹೇಳಿದ್ಲು ಮಗಾ. ನಂಗೆ ಕೇಳ್ಲಿಲ್ಲ.”

ಆಮೇಲೆ ಗೂಡಿನ ಮುಂದಿನ ಹಲಗೆ ತೆಗೆದುಕೊಂಡು, ನಾನು ನಾಲ್ಕು ದಿನ ಉಜ್ಜಿದ, ತಾನು ಹ್ಞೂ ಎಂದಿದ್ದ ಆ ಮೈಯ ಮೇಲೆ ಉಳಿ ಇಟ್ಟು ಹೊಡೆದ. ತಳದಿಂದ ಬಾಯಿಯವರೆಗೆ ಅಡ್ಡಡ್ಡ ಗೀರು ಒಂದರ ಮೇಲೊಂದು ಎದ್ದವು. ಹೊಡೆಯುತ್ತ ಅಳುತ್ತಿದ್ದ. ಅಮ್ಮನನ್ನು ಸುಟ್ಟು ಬಂದ ದಿನವೂ ಅಳದವನು ಅಕ್ಕೋರ ಎದುರಿಗೇ ಅತ್ತ. ನಾನೂ ಅವನ ಬೆನ್ನಿಗೆ ಮುಖ ಒತ್ತಿ ಅಮ್ಮಾ ಎಂದು ಅತ್ತೆ. ಉಳಿದ ಎರಡು ಮರಿಗಳನ್ನು ಒಳಗೆ ಬಿಟ್ಟು ಗೂಡನ್ನು ಮತ್ತೆ ಗೋಡೆಗೆ ಏರಿಸಿದೆವು. ಮರುದಿನ ಬೆಳಿಗ್ಗೆ ಒಂದು ಮರಿ ಬಾಯಿಯವರೆಗೆ ಹತ್ತಿ ಬಂದು, ಆಚೀಚೆ ನೋಡಿ, ನುಗ್ಗೆಯ ಕೊಂಬೆಗೆ ಹಾರಿತು. ಇನ್ನೊಂದು ಮಧ್ಯಾಹ್ನ ಹಾರಿತು. ಅಷ್ಟು ಹೊತ್ತೂ ಅಪ್ಪ ಕೆಲಸ ಮುಟ್ಟದೆ ನಿಂತಿದ್ದ. ಅಂದು ಸಂಜೆ ಉಣ್ಣುವಾಗ ಅಮ್ಮನಿಗೆ ನುಗ್ಗೆಸೊಪ್ಪಿನ ಪಲ್ಯ ಎಷ್ಟು ಇಷ್ಟವಿತ್ತು ಎಂದು ತಾನಾಗಿ ಹೇಳಿದ.

ಅಕ್ಕೋರಿಗೆ ಮುಂದಿನ ವರ್ಷ ಹೊಸನಗರಕ್ಕೆ ವರ್ಗವಾಯಿತು, ಮತ್ತೆ ನೋಡಲಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ರಸ್ತೆ ಅಗಲ ಮಾಡುವಾಗ ಮನೆಯೂ ನುಗ್ಗೆಮರವೂ ಹೋದವು. ಈಗ ಅಲ್ಲಿ ನಿಂತರೆ ಹಿತ್ತಲು ಯಾವ ಕಡೆಗಿತ್ತು ಎಂದು ನನಗೇ ಗೊತ್ತಾಗುವುದಿಲ್ಲ. ಅವನು ಕೆತ್ತಿದ ಗಂಧದ ಪೆಟ್ಟಿಗೆ ಒಂದೂ ನನ್ನ ಹತ್ತಿರ ಇಲ್ಲ, ಎಲ್ಲ ಯಾರ ಯಾರ ಮನೆಯಲ್ಲೋ ಇವೆ. ಉಳಿದದ್ದು ಕಡೆಗೋಲು ಮತ್ತು ಆ ಗೂಡು. ಅಮ್ಮನ ಗೀರುಗಳು ಸೊಟ್ಟ. ಅಪ್ಪನವು ಅಷ್ಟು ಅಳುವಿನಲ್ಲೂ ಒಂದೇ ಅಂತರ, ಒಂದೇ ಆಳ.

ಬಡಗಿ ಕೆಲಸ ಮುಗಿಸಿ ಏಳುವಾಗ ಅಟ್ಟದ ಕೆಳಗಿನ ಗೂಡನ್ನು ಕಂಡ. ಎತ್ತಿಕೊಂಡು ಒಳಗೆ ಬೆರಳಾಡಿಸಿ, ಒಳ್ಳೆ ಮರ ಅಮ್ಮ, ಒಳಗೆಲ್ಲ ಯಾರೋ ಗೀರಿ ಹಾಳ್ಮಾಡಿದಾರೆ, ಉಪ್ಪುಕಾಗದ ಇನ್ನೂ ಇದೆ, ಉಜ್ಜಿ ಕೊಡ್ಲಾ ಎಂದು ಕೇಳಿದ. ಒಳ್ಳೆಯ ಮನುಷ್ಯ, ಕೂಲಿಗಾಗಿ ಕೇಳಿದ್ದಲ್ಲ. ನಾನು ಅವನ ಕೈಯಿಂದ ಗೂಡನ್ನು ತೆಗೆದುಕೊಂಡೆ.

“ಬೇಡ ಮಾರಾಯ,” ಎಂದೆ. “ಒಳಗೆ ಹಾಗೇ ಬಿಡು.”