ಒಂದೇ ಬಟ್ಟಲಿಗಾಗಿ ಬಡಿದಾಡಿದ ಕಾಶಿರಾಯ

ಕಮಲಾಪುರದ ಕಾಶಿರಾಯನ ಎಡದವಡೆಯಲ್ಲಿ ಮೂರು ಹಲ್ಲಿಲ್ಲ. ಎಂಬತ್ತೇಳನೇ ಇಸವಿಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಉದುರಿದವು. ಆಗ ದಲಿತ ಓಣಿಯ ನಮ್ಮವರಿಗೆ ಹೊರಗೋಡೆಯ ಗೂಡಿನಲ್ಲಿ ಬೇರೆ ಲೋಟ ಇಡುತ್ತಿದ್ದರು; ಕುಡಿದವನೇ ತೊಳೆದು ವಾಪಸ್ ಇಡಬೇಕು. ಕಾಶಿರಾಯ ಒಳಗೆ ನುಗ್ಗಿ ಉಳಿದವರೆಲ್ಲ ಕುಡಿಯುವ ಲೋಟ ಎತ್ತಿ ಕುಡಿದ. ಅಂಗಡಿಯವನ ಕಬ್ಬಿಣದ ಸೌಟು ಮುಖಕ್ಕೆ ಬಿತ್ತು. ಹಲ್ಲು ಉಗುಳಿ, ಬೆಂಚು ಎತ್ತಿ, ಹೊಡೆದವನ ಹೆಗಲ ಎಲುಬು ಮುರಿದ. ಅವನೂ ಸೇರಿ ಓಣಿಯ ಹನ್ನೊಂದು ಜನ ಲಾಕಪ್ಪಿಗೆ ಹೋದೆವು. ಅಂಗಾಲಿಗೆ ಲಾಠಿ ಬಿತ್ತು. ಬಿಡುಗಡೆಯಾಗಿ ಬಂದ ವಾರಕ್ಕೆ ಗೂಡು ಖಾಲಿಯಾಗಿತ್ತು.

ಸತ್ತ ದನದ ಚರ್ಮ ಸುಲಿಯುವುದು ಅವನ ಕಸುಬು. ಸುತ್ತಲಿನ ಹಳ್ಳಿಯವರು ಫೋನ್ ಮಾಡುತ್ತಾರೆ. ಹೋಗಿ ಸುಲಿದು, ಉಪ್ಪು ಸವರಿ, ಕಲಬುರಗಿಯ ರೋಜಾ ಬಡಾವಣೆಯಲ್ಲಿ ಚರ್ಮದ ವ್ಯಾಪಾರಿ ನಬಿಸಾಬನ ಗೋದಾಮಿಗೆ ಹಾಕಿ ಬರುತ್ತಾನೆ. ನಿಜಾಮನ ಕಾಲಕ್ಕೇ ಅವನ ಅಜ್ಜಿ ಕ್ರೈಸ್ತಳಾಗಿದ್ದಳು. ಕಾಶಿರಾಯನಿಗೆ ದೇವರ ವಿಷಯದಲ್ಲಿ ಹೆಚ್ಚು ಮಾತಿಲ್ಲ. ಓಣಿಯ ಚರ್ಚಿಗೆ ತಪ್ಪದೆ ಹೋಗುತ್ತಿದ್ದದ್ದು ಒಂದು ಕಾರಣಕ್ಕೆ. ಪ್ರಭುಭೋಜನದ ದಿನ, ಯೇಸುವಿನ ಕೊನೆಯ ಊಟದ ನೆನಪಿಗೆ, ದ್ರಾಕ್ಷಾರಸದ ಒಂದೇ ಹಿತ್ತಾಳೆ ಬಟ್ಟಲು ಸಾಲಿನುದ್ದಕ್ಕೂ ಬರುತ್ತದೆ. ನಲವತ್ತು ಬಾಯಿ ಅದಕ್ಕೇ ತುಟಿ ಹಚ್ಚುತ್ತವೆ. ‘ಇಂಥಾದ್ದು ಊರಾಗ ಮತ್ತೆಲ್ಲಿ ಅದ, ತೋರಸ್ರಿ’ ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ ಹಳೆಯ ಪಾಸ್ಟರ್ ನಿವೃತ್ತರಾದರು. ಹೊಸಬ ಸಂಜುಕುಮಾರ. ಮೊದಲು ಕಪನೂರಿನ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದವನು. ಕಬ್ಬಿಣ ಅಳೆದಂತೆ ಮನುಷ್ಯರನ್ನೂ ಅಳೆಯುತ್ತಿದ್ದ. ಮೂರೇ ತಿಂಗಳಿಗೆ ಆರಾಧನೆಯನ್ನು ಭಾನುವಾರದಿಂದ ಶನಿವಾರಕ್ಕೆ ತಂದ. ಹಂದಿ ಮಾಂಸ ತಿನ್ನುವುದನ್ನು ಬಿಡಿಸಿದ. ಶನಿವಾರ ಒಲೆ ಹಚ್ಚಬಾರದೆಂದ.

‘ಯೇಸು ಯಾರ್ರೀ? ಯೆಹೂದಿ. ಅವ ಶನಿವಾರ ಕೆಲ್ಸ ಬಿಟ್ಟು ಸಬ್ಬತ್ ಹಿಡದ, ಪಸ್ಕ ಹಬ್ಬ ಮಾಡ್ದ. ಗುರು ಮಾಡಿದ್ದು ಶಿಷ್ಯ ಮಾಡಬಾರ್ದೇನು?’

ಕಾಶಿರಾಯನ ಹೆಂಡತಿ ರೇವಮ್ಮ ಹಿಂದಿನಿಂದ ಕೇಳಿದಳು: ‘ಕುಷ್ಠ ಆದವ್ರನ್ನ ಮುಟ್ಟಿದ್ದೂ ಅವನೇ ಅಲ್ರಿ? ಅದು ನಿಮ್ಮ ಪಟ್ಟ್ಯಾಗ ಬಿಟ್ಟು ಹೋಗ್ಯಾದೇನು?’ ಹೆಂಗಸರು ನಕ್ಕರು. ಸಂಜುಕುಮಾರ ಮುಂದಿನ ಕಟ್ಟಳೆ ಓದಿದ.

ಕಾಶಿರಾಯ ಹಂದಿ ಬಿಟ್ಟ. ಶನಿವಾರ ತಂಗಳು ಉಂಡ. ಸಂಜುಕುಮಾರನಿಂದ ಕುಡಿತ ನಿಂತ ಮನೆಗಳೂ ಇದ್ದವು, ಸುಳ್ಳು ಹೇಳಬಾರದು. ಆ ಕಟ್ಟಳೆ ಯೆಹೂದಿಗಳದು. ಅವರು ಅದಕ್ಕಾಗಿ ಸತ್ತಿದ್ದಾರೆ, ಅವರ ಮನೆಯಲ್ಲಿ ಅದಕ್ಕೊಂದು ಅರ್ಥವಿದೆ. ನಮ್ಮ ಓಣಿಗೆ ಬಂದ ಕೂಡಲೇ ಅದಕ್ಕೆ ಊರಿನ ಮಡಿ-ಮೈಲಿಗೆಯ ಕೋರೆಹಲ್ಲು ಮೂಡಿತು. ಸತ್ತ ಪ್ರಾಣಿ ಮುಟ್ಟಿದವನು ಸಂಜೆತನಕ ಅಶುದ್ಧ ಎಂಬ ಬೈಬಲ್ಲಿನ ಸಾಲು ಸಂಜುಕುಮಾರನಿಗೆ ಸಿಕ್ಕಿತು. ಇಡೀ ಓಣಿಯಲ್ಲಿ ಸತ್ತ ಪ್ರಾಣಿ ಮುಟ್ಟುವವನು ಒಬ್ಬನೇ.

ಮೊದಲು ಚರ್ಚಿನಲ್ಲಿ ಕಾಶಿರಾಯನ ಕೈ ಕುಲುಕುವುದು ನಿಂತಿತು. ಅದೇ ವಾರ ಹುಮನಾಬಾದ್ ರಸ್ತೆಯಲ್ಲಿ ಚರ್ಮ ಕಟ್ಟಿದ ಅವನ ಬೈಕನ್ನು ನಾಲ್ವರು ಅಡ್ಡಗಟ್ಟಿದರು. ‘ಹಸು ಕಡದಿ?’ ಎಂದು ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಕ್ರಿಕೆಟ್ ಬ್ಯಾಟಿನಿಂದ ಪಕ್ಕೆಲುಬಿಗೆ ಹೊಡೆದರು. ಕಾಶಿರಾಯ ಒಬ್ಬನ ಕಿವಿ ಕಚ್ಚಿ ಹಿಡಿದ. ಹರಿದ ಮೇಲೇ ಬಿಟ್ಟ. ರೋಜಾ ಮುಟ್ಟಿದಾಗ ಅಂಗಿ ರಕ್ತದಲ್ಲಿ ನೆನೆದಿತ್ತು. ನಬಿಸಾಬ ಅರಿಶಿನ ಒತ್ತುತ್ತಾ ಬೈದ. ಕಾಶಿರಾಯ ಹೊಡೆತದ ಸುದ್ದಿ ಬಿಟ್ಟು ಚರ್ಚಿನ ಸುದ್ದಿ ಹೇಳಿದ.

‘ನಮ್ಮಾಗೂ ಪಾಕ್-ನಾಪಾಕ್ ಅಂತ ಮಡಿ-ಮೈಲಿಗಿ ಅದನೋ. ತೊಳ್ಕೊಂಡ್ರ ಖತಂ,’ ಎಂದ ನಬಿಸಾಬ. ‘ನಿಮ್ಮ ಪಾಸ್ಟರ್ ಮನ್ಯಾಗ ನಳ ಇಲ್ಲೇನು?’

‘ಅವ ನನ್ನ ಬಟ್ಟಲಕ್ಕ ಕೈ ಹಚ್ಚಲಿ, ಆಮ್ಯಾಲ ನೋಡ್ತೀನಿ.’

ಸಂಜುಕುಮಾರ ಪಸ್ಕಹಬ್ಬದ ಶನಿವಾರವೇ ಕೈ ಹಚ್ಚಿದ. ಅಂದು ನಸುಕಿನಲ್ಲಿ ಒಂದು ಎಮ್ಮೆ ಸತ್ತಿತ್ತು. ಬಿಸಿಲು ಏರಿದರೆ ಹೊಟ್ಟೆ ಉಬ್ಬಿ ಒಡೆಯುತ್ತದೆ, ಸಬ್ಬತ್ ಎಂದು ಎಮ್ಮೆ ಕಾಯುವುದಿಲ್ಲ. ಕಾಶಿರಾಯ ಸುಲಿದು ಬಂದು, ಎರಡು ಸಲ ಸೋಪು ಹಚ್ಚಿ ಮಿಂದು, ಬಿಳಿ ಅಂಗಿ ಹಾಕಿ ಎರಡನೇ ಸಾಲಿನಲ್ಲಿ ಕೂತ. ಬಟ್ಟಲು ಬಂತು. ಪಕ್ಕದವನು ಕುಡಿದ. ಸಂಜುಕುಮಾರ ಅದನ್ನು ಕಾಶಿರಾಯನ ಮೂಗಿನ ಮುಂದಿನಿಂದ ಎತ್ತಿ ಆಚೆಯವನಿಗೆ ಕೊಟ್ಟ. ಕಿಟಕಿಕಟ್ಟೆಯ ಮೇಲೆ ಬೇರೆಯಾಗಿ ತುಂಬಿಟ್ಟಿದ್ದ ಸ್ಟೀಲ್ ಲೋಟ ತೋರಿಸಿದ.

‘ನಿಮ್ದು ಅಲ್ಲಿ ಅದ, ಅಣ್ಣಾ. ಸಂಜೀತನಕ ಅಷ್ಟ. ಇದು ಜಾತಿ ಅಲ್ಲ, ದೇವ್ರ ಕಟ್ಟಳಿ.’

‘ಚಾದಂಗಡಿಯವನೂ ದೇವ್ರ ಹೆಸ್ರೇ ಹೇಳಿದ್ದ,’ ಎಂದು ಕಾಶಿರಾಯ ಎದ್ದ.

ಅವನು ಬಟ್ಟಲು ಕಿತ್ತುಕೊಂಡು ಕುಡಿದ. ಸಂಜುಕುಮಾರನ ಪಕ್ಷ ಹಿಡಿದಿದ್ದ ಕಾಶಿರಾಯನ ಅಣ್ಣನ ಮಗ ಗುರುಲಿಂಗ ಮೈಕಿನ ಸ್ಟ್ಯಾಂಡ್ ಬೀಸಿದ. ಕಾಕನ ಕೆಳತುಟಿ ಗದ್ದದವರೆಗೆ ಸೀಳಿತು. ಕಾಶಿರಾಯ ಬಟ್ಟಲಿನಿಂದಲೇ ಅವನ ಹಣೆಗೆ ಕುಟ್ಟಿದ. ಆಮೇಲೆ ಕುರ್ಚಿಗಳು ಹಾರಿದವು. ಕೇರಿಯ ಎಲ್ಲ ಹಳೇ ಸಿಟ್ಟು ಅಲ್ಲಿಗೆ ಬಂತು, ಭಾನುವಾರದವರು, ಶನಿವಾರದವರು, ಗೋಡೆ ಜಗಳದವರು, ಹೆಣ್ಣು ಕೊಡದವರು. ರೇವಮ್ಮ ಒಬ್ಬನ ಮುಂಗೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಒದ್ದಳು. ಸುಲಿಯುವ ಚೂರಿ ಮನೆಯಲ್ಲಿತ್ತು. ಅದು ಎಲ್ಲರ ಪುಣ್ಯ. ಕಾಶಿರಾಯ ಸಂಜುಕುಮಾರನ ಗಂಟಲು ಹಿಡಿದು ಕಿಟಕಿಗೆ ಒತ್ತಿ, ಆ ಸ್ಟೀಲ್ ಲೋಟವನ್ನು ಅವನ ಹಲ್ಲಿಗೆ ಗುದ್ದಿದ.

‘ನೀ ಕುಡಿ.’

ಒಸಡಿನ ರಕ್ತದೊಂದಿಗೆ ಅವನು ಕುಡಿದ.

‘ಹೋಗು. ಸಂಜೀತನಕ ಹೊರಗ ನಿಂದ್ರು.’

ಏಳು ಜನ ಕಲಬುರಗಿಯ ದವಾಖಾನೆ ಸೇರಿದರು. ಎರಡೂ ಕಡೆ ಕೇಸಾಯಿತು, ಚರ್ಚಿಗೆ ಬೀಗ ಬಿತ್ತು. ಸಂಜುಕುಮಾರ ಅರ್ಧ ಜನರನ್ನು ಕಪನೂರಿನ ಶೆಡ್ಡಿಗೆ ಕರೆದುಕೊಂಡು ಹೋದ. ಶನಿವಾರ ಅಲ್ಲಿ ಈಗಲೂ ಹಾಡುತ್ತಾರೆ. ಬಟ್ಟಲನ್ನು ರೇವಮ್ಮ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಅಂಚು ನೆಗ್ಗಿತ್ತು.

ಜಗಳವಾದ ಎರಡನೇ ಭಾನುವಾರ ಹಳೆಯ ಪಾಸ್ಟರ್ ಕಲಬುರಗಿಯಿಂದ ಬಸ್ಸಿನಲ್ಲಿ ಬಂದು ಕಾಶಿರಾಯನ ಅಂಗಳದಲ್ಲಿ ಪ್ರಭುಭೋಜನ ನಡೆಸಿದರು. ಹದಿನಾಲ್ಕು ಜನ. ಹಣೆಗೆ ಪಟ್ಟಿ ಕಟ್ಟಿದ ಗುರುಲಿಂಗ ಕೊನೆಗೆ ಬಂದು ಚಪ್ಪಲಿಗಳ ಹತ್ತಿರ ಕೂತ. ತಾಯಿ ಅಟ್ಟಿದಳೋ, ತಾನೇ ಬಂದನೋ, ಯಾರೂ ಕೇಳಲಿಲ್ಲ.

ಕಾಶಿರಾಯನ ತುಟಿಯ ಹೊಲಿಗೆ ಇನ್ನೂ ಹಸಿ. ದ್ರಾಕ್ಷಾರಸ ತಾಗಿ ಉರಿಯಿತು, ಅಂಚಿಗೆ ರಕ್ತ ಹತ್ತಿತು. ರಕ್ತ ಬಾಯಿಗೆ ಹೋಗಬಾರದೆಂಬ ಕಟ್ಟಳೆ ಕಲಿತಿದ್ದ ಗುರುಲಿಂಗ ಬಟ್ಟಲು ಹಿಡಿದು ಹಾಗೇ ಕೂತ.

‘ಕಾಕಾ, ರಕ್ತ ಅದ.’

‘ನೀನೇ ತೆಗದದ್ದು. ಕುಡೀತಿದ್ರ ಕುಡಿ, ಇಲ್ಲಂದ್ರ ಮುಂದ ಕೊಡು. ಮಂದಿ ಕಾಯ್ಲಾಕತ್ಯಾರ.’

ಗುರುಲಿಂಗ ಅಂಗಿಯ ತೋಳಿನಿಂದ ಅಂಚು ಒರೆಸಿದ. ಕುಡಿದ. ಬಟ್ಟಲನ್ನು ಪಕ್ಕದವನಿಗೆ ದಾಟಿಸಿದ. ಗುರುಲಿಂಗನ ಹೆಸರಿದ್ದ ಕೇಸು ಮಾತ್ರ ಕಾಶಿರಾಯ ವಾಪಸ್ ತೆಗೆದುಕೊಳ್ಳಲಿಲ್ಲ.