ಓದೋ ಅಕ್ಕ ಕೂಲರ್ ಕೂರಿಸಿದ್ದು

ಬೀದಿಯವರೆಲ್ಲ ಅವಳನ್ನು ಓದೋ ಅಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಅವಳು ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದವಳು. ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ಮನೆಯಲ್ಲೇ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಕೇಳುವ ಪುಸ್ತಕ ಹೊರತರುವ ಪ್ರಕಾಶಕರೊಬ್ಬರಿಗೆ ಕಳಿಸತೊಡಗಿದಳು. ಬಟ್ಟೆ ಕಪಾಟಿನ ಬಾಗಿಲು ತೆರೆದು, ನೇತುಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿ ಓದುವುದು ಅವಳ ರೂಢಿ. ಬಟ್ಟೆ ಇದ್ದಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ.

ಮಹಡಿಯ ಮೇಲೆ ಮೈದುನನ ಸಂಸಾರ. ಮೈದುನನ ಹೆಂಡತಿ, ಅಂದರೆ ಅವಳ ಓರಗಿತ್ತಿ, ಒಂದು ದಿನ ಬಂದು, "ಅಕ್ಕಾ, ನನಗೂ ಕಲಿಸಿಕೊಡೇ" ಎಂದಿದ್ದಳು. ಇವಳೇ ಕೂರಿಸಿಕೊಂಡು ಕಲಿಸಿದಳು. ಎಲ್ಲಿ ಉಸಿರು ಎಳೆಯಬೇಕು, ಪುಟ ತಿರುಗಿಸುವ ಸದ್ದು ಹೇಗೆ ಮರೆಸಬೇಕು, ಎಲ್ಲ. ಆಮೇಲೆ ನೋಡನೋಡುತ್ತ ಓರಗಿತ್ತಿಗೇ ಹೆಚ್ಚು ಪುಸ್ತಕ ಬರತೊಡಗಿದವು. ಓದೋ ಅಕ್ಕನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆಗ.

ಕಣ್ಣು ಮಂಜಾಗಿದ್ದ ಅತ್ತೆಗೆ ಈ ಪುಸ್ತಕಗಳೇ ಹೊತ್ತು ಕಳೆಯುವ ದಾರಿ. ಒಂದು ಮಧ್ಯಾಹ್ನ ಊಟವಾದ ಮೇಲೆ ಅತ್ತೆ ದಿಂಬಿಗೊರಗಿ, "ಚಿಕ್ಕವಳು ಓದಿರೋದು ಯಾವುದಾದ್ರೂ ಹಾಕಮ್ಮ" ಎಂದರು.

"ನಾನು ಓದಿರೋದು ಬೇಡ್ವಾ ಅತ್ತೆ?"

ಅತ್ತೆ ಸ್ವಲ್ಪ ತಡವರಿಸಿದರು. "ನಿಂದೂ ಚೆನ್ನಾಗೇ ಇದೆ. ಆದ್ರೆ ಅದರಲ್ಲಿ ಹಿಂದುಗಡೆ ಏನೋ ಗುಂಯ್ ಅನ್ನುತ್ತಲ್ಲ, ತಲೆ ಹಿಡ್ಕೊಂಡ ಹಾಗಾಗುತ್ತೆ."

ಆ ಗುಂಯ್ ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಕಂಪ್ಯೂಟರನ್ನು ಬಿಡಿಭಾಗ ತಂದು ಜೋಡಿಸಿಕೊಟ್ಟವನು ಮೈದುನ. ಒಳಗಿದ್ದದ್ದು ಅಂಗೈಯಷ್ಟಗಲದ ಒಂದು ಫ್ಯಾನು, ಹಿಂದೆ ಕರೆಂಟು ಒದಗಿಸುವ ಪವರ್ ಸಪ್ಲೈಯಲ್ಲಿ ಇನ್ನೊಂದು. ಎರಡೂ ಸೇರಿ ಜೇನುಗೂಡಿನ ಹಾಗೆ ಸದ್ದು ಮಾಡುತ್ತಿದ್ದವು. ಮರುವರ್ಷ ಹೆಂಡತಿಗೆ ಜೋಡಿಸಿಕೊಟ್ಟದ್ದು ಮಾತ್ರ ನಡೆಯುತ್ತಿದೆಯೋ ನಿಂತಿದೆಯೋ ಗೊತ್ತಾಗದಷ್ಟು ಮೆತ್ತಗೆ. 'ಕಟ್ಟಿಕೊಂಡವಳಿಗೆ ಒಂದು, ಅತ್ತಿಗೆಗೆ ಇನ್ನೊಂದು' ಎಂದು ಅವಳು ಒಳಗೊಳಗೇ ಹಲ್ಲು ಕಡಿದಳು. ಕೆಲಸ ಕೈತಪ್ಪುತ್ತಿರುವುದಕ್ಕೆ ಕಾರಣ ಸಿಕ್ಕಿತಲ್ಲ ಎಂದು ಒಂದು ಬಗೆಯ ಸಮಾಧಾನವೂ ಆಯಿತು.

ಮೈದುನನನ್ನು ಕೇಳಿದ್ದರೆ ಒಂದು ಭಾನುವಾರ ಬಂದು ಸರಿ ಮಾಡುತ್ತಿದ್ದ. ಅವಳು ಕೇಳಲಿಲ್ಲ. ನಾನೇ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದು, ಬಟ್ಟೆ ಹೊಲಿಯುವ ಟೇಪಿನಿಂದ ಕಂಪ್ಯೂಟರ್ ಡಬ್ಬಿಯ ಒಳಗನ್ನು ಅಳೆದು, ಬಿಡಿಭಾಗ ಮಾರುವ ಅಂಗಡಿಗೆ ಹೋದಳು.

ಅಂಗಡಿಯವನು ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕೇಳಿದ. "ಏನು ಕೆಲಸಕ್ಕೆ ಬೇಕಮ್ಮ? ಗೇಮ್ಸಾ?"

"ಓದೋದಕ್ಕೆ. ಸದ್ದು ಬರಬಾರದು. ಮಹಡಿ ಮೇಲಿನದಕ್ಕಿಂತ ದೊಡ್ಡ ಪವರ್ ಸಪ್ಲೈ ಕೊಡಿ."

"ಯಾವ ಮಹಡಿ?"

ಅವಳ ಮುಖ ಕೆಂಪಾಯಿತು. ಅಂಗಡಿಯವನು ಕೆದಕಲಿಲ್ಲ. ಅವಳ ಮೆಷಿನ್ನಿಗೆ ಬೇಕಾದ್ದಕ್ಕಿಂತ ದುಪ್ಪಟ್ಟು ತಾಕತ್ತಿನ ಪವರ್ ಸಪ್ಲೈಯೊಂದನ್ನು ತೆಗೆದಿಟ್ಟು, "ಇಷ್ಟು ದೊಡ್ಡದು ಬೇಡವೇ ಬೇಡ. ಆದ್ರೆ ಇದರಲ್ಲಿ ಒಂದು ಗುಣ ಇದೆ. ಹೊರೆ ಕಡಿಮೆ ಇದ್ದಾಗ ಫ್ಯಾನ್ ತಿರುಗೋದೇ ಇಲ್ಲ" ಎಂದ. ಅವಳಿಗೆ ಅಷ್ಟು ಸಾಕಾಯಿತು. ಪ್ರಾಸೆಸರಿನ ಕಾವು ಇಳಿಸುವ, ಫ್ಯಾನು ಸೇರಿದ ಕೂಲರ್ ಆರಿಸುವಾಗ ಮಾತ್ರ ಅವನು ಹಟ ಮಾಡಿದ. ಅವಳು ಕಣ್ಣು ಹಾಕಿದ್ದು ಎಲ್ಲಕ್ಕಿಂತ ಎತ್ತರದ್ದರ ಮೇಲೆ. ಅವಳದೇ ಅಳತೆ ಹಿಡಿದು ನೋಡಿದರೆ ಡಬ್ಬಿಯ ಬಾಗಿಲು ಮುಚ್ಚುವಂತಿರಲಿಲ್ಲ. ಕೊನೆಗೆ ಅದರ ತಮ್ಮನಂತಿದ್ದ, ಅಗಲ ಫ್ಯಾನಿನ ಇನ್ನೊಂದನ್ನು ತಂದಳು.

ಮನೆಯಲ್ಲಿ ಊಟದ ಮೇಜಿನ ಮೇಲೆ ದುಪ್ಪಟಿ ಹಾಸಿ ಡಬ್ಬಿ ಮಲಗಿಸಿದಳು. ಹಳೆ ಪವರ್ ಸಪ್ಲೈಯ ತಂತಿಗಳನ್ನು ಬಿಡಿಸುವಾಗ ಒಂದು ದೊಡ್ಡ ಪ್ಲಗ್ಗು ಹಲ್ಲು ಕಚ್ಚಿದ ಹಾಗೆ ಹಿಡಿದುಕೊಂಡಿತ್ತು. ಅದರ ಪಕ್ಕದ ಕೊಕ್ಕೆ ಒತ್ತಬೇಕೆಂದು ತಿಳಿಯುವಷ್ಟರಲ್ಲಿ ಉಗುರು ಮುರಿಯಿತು. ಹೊಸದನ್ನು ಕೂರಿಸಿ, ಹಳೆ ಫ್ಯಾನು ಕಳಚಿ, ಪ್ರಾಸೆಸರಿನ ಮೇಲೆ ಒಣಗಿದ್ದ, ಕಾವು ದಾಟಿಸುವ ಪೇಸ್ಟ್ ಒರೆಸಿ, ಬಟಾಣಿಯಷ್ಟು ಹೊಸ ಪೇಸ್ಟ್ ಹಾಕಿ, ಕೂಲರನ್ನು ಮೇಲಿಟ್ಟು ಮೂಲೆಯಿಂದ ಮೂಲೆಗೆ ಸ್ಕ್ರೂ ಬಿಗಿ ಮಾಡಿದಳು. ಗಂಡ ಬಾಗಿಲಲ್ಲಿ ನಿಂತು, "ತಮ್ಮನ್ನ ಕರೀಲೇನೇ?" ಎಂದ.

"ಕರೆದು ನೋಡಿ, ಗೊತ್ತಾಗುತ್ತೆ" ಎಂದಳು ತಲೆ ಎತ್ತದೆ. ಅವನು ಸದ್ದಿಲ್ಲದೆ ಜಾಗ ಖಾಲಿ ಮಾಡಿದ.

ಮೆಷಿನ್ ಆನ್ ಆಯಿತು. ಆದರೆ ಸ್ವಲ್ಪ ಹೊತ್ತಿಗೇ ಹೊಸ ಫ್ಯಾನು ಹುಚ್ಚು ಹಿಡಿದಂತೆ ತಿರುಗತೊಡಗಿ, ಒಂದು ಅಧ್ಯಾಯದ ರೆಕಾರ್ಡಿಂಗ್ ಶುದ್ಧ ಮಾಡುತ್ತಿದ್ದಾಗ ಪಟ್ಟೆಂದು ಎಲ್ಲ ಆರಿಹೋಯಿತು. ಮತ್ತೆ ಹಾಕಿದಳು, ಮತ್ತೆ ಆರಿತು. ಬಿಚ್ಚಿ ನೋಡಿದರೆ, ಕೂಲರಿನ ತಳದಲ್ಲಿ ಅಂಟಿಸಿದ್ದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅವಳು ತೆಗೆದೇ ಇರಲಿಲ್ಲ. ಕಾವೆಲ್ಲ ಅದರ ಕೆಳಗೇ ಸಿಕ್ಕಿಹಾಕಿಕೊಂಡಿತ್ತು. ನಾಚಿಕೆಯಿಂದ ಸುತ್ತ ನೋಡಿದಳು, ಯಾರೂ ಇರಲಿಲ್ಲ. ಹಾಳೆ ಕಿತ್ತು, ಮತ್ತೆ ಪೇಸ್ಟ್ ಹಾಕಿ ಕೂರಿಸಿದಳು. ಈಗ ಕೋಣೆಯಲ್ಲಿ ಗಡಿಯಾರದ ಟಿಕ್‌ಟಿಕ್ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಗಡಿಯಾರವನ್ನೂ ಎತ್ತಿ ಅಡುಗೆಮನೆಗೆ ಸಾಗಿಸಿದಳು.

ಒಂದು ಹೊಸ ಪುಸ್ತಕ ಓದಿ ಮುಗಿಸಿ, ಎಲ್ಲರಿಗಿಂತ ಮೊದಲು ಅತ್ತೆಗೆ ಕೇಳಿಸಿದಳು. "ಗುಂಯ್ ಇಲ್ವಲ್ಲ ಅತ್ತೆ?"

"ಒಂಚೂರೂ ಇಲ್ಲ ಕಣಮ್ಮ" ಎಂದರು ಅತ್ತೆ ಖುಷಿಯಿಂದ. ಅರ್ಧ ಗಂಟೆ ಕೇಳಿದರು. ಆಮೇಲೆ ಮೆಲ್ಲಗೆ, "ಇನ್ನು ಚಿಕ್ಕವಳದ್ದು ಸ್ವಲ್ಪ ಹಾಕ್ತೀಯಾ? ಮಲಗ್ತೀನಿ" ಎಂದರು.

ಅವಳು ಹಾಕಿಕೊಟ್ಟಳು. ಇನ್ನು ದೂರುವುದಕ್ಕೆ ಫ್ಯಾನೂ ಇರಲಿಲ್ಲ.

ಅದೇ ವಾರ ಪ್ರಕಾಶಕರು ದೊಡ್ಡದೊಂದು ಕಾದಂಬರಿಯನ್ನು ಓರಗಿತ್ತಿಗೆ ಕೊಟ್ಟರು. ಓದೋ ಅಕ್ಕ ಬಹಳ ದಿನದಿಂದ ಆಸೆಪಟ್ಟಿದ್ದ ಕಾದಂಬರಿ ಅದು. ಆ ಹೊತ್ತಿಗೇ ಓರಗಿತ್ತಿಯ ಕಂಪ್ಯೂಟರಿನ ಫ್ಯಾನು ಕರಕರ ಎನ್ನತೊಡಗಿತ್ತು, ಮೈದುನ ಕೆಲಸದ ಮೇಲೆ ದೂರದೂರಿಗೆ ಹೋಗಿದ್ದ. ಓರಗಿತ್ತಿ ಹೊಸ ಕೂಲರಿನ ಪೆಟ್ಟಿಗೆ ಹಿಡಿದು ಕೆಳಗಿಳಿದು ಬಂದಳು.

"ಅಕ್ಕಾ, ನಿಂದನ್ನ ನೀನೇ ಹಾಕ್ಕೊಂಡ್ಯಂತೆ. ಅಂಗಡಿಯವರ ಹತ್ರ ನಿನ್ನದೇ ಥರದ್ದು ಕೇಳಿ ತಂದೆ. ನಂಗೂ ಹಾಕ್ಕೊಡೇ."

ಮಹಡಿಯ ಕೋಣೆಯಲ್ಲಿ ಇವಳು ಡಬ್ಬಿ ಬಿಚ್ಚಿದಳು. ಓರಗಿತ್ತಿ ಚಹಾ ಮಾಡಲು ಒಳಗೆ ಹೋದಳು. ಮೇಜಿನ ಮೇಲೆ ಆ ಕಾದಂಬರಿ ಇತ್ತು, ಅಂಚಿನಲ್ಲೆಲ್ಲ ಪೆನ್ಸಿಲ್ಲಿನಿಂದ ಉಸಿರಿನ ಗುರುತು. ಇವಳು ಕಲಿಸಿಕೊಟ್ಟ ಗುರುತುಗಳೇ. ಕೈಯಲ್ಲಿ ಕೂಲರ್ ಇತ್ತು, ತಳದಲ್ಲಿ ಹಾಳೆ. ಹೆಬ್ಬೆರಳು ಅದರ ಅಂಚಿನ ಮೇಲೆ ಬಂದು ನಿಂತಿತು. ಯಾರಿಗೆ ಗೊತ್ತಾಗುತ್ತದೆ? ಮೆಷಿನ್ ಮತ್ತೆ ಮತ್ತೆ ಆರುತ್ತದೆ, ಕೆಲಸ ತಡವಾಗುತ್ತದೆ, ಪ್ರಕಾಶಕರು ಕಾದು ಬೇಸತ್ತು ಕಾದಂಬರಿಯನ್ನು ಕೆಳಗಿನ ಮನೆಗೆ ಕಳಿಸುತ್ತಾರೆ.

ಅವಳು ಹಾಳೆ ತೆಗೆಯಲಿಲ್ಲ. ಹಾಗೇ ಕೂರಿಸಿ ಸ್ಕ್ರೂ ಬಿಗಿ ಮಾಡಿದಳು.

ಮುಂದಿಟ್ಟ ಚಹಾವನ್ನು ಅವಳು ಮುಟ್ಟಲಿಲ್ಲ. "ಎಷ್ಟು ಬೇಗ ಮುಗಿಸಿಬಿಟ್ಟೆ!" ಎಂದು ಓರಗಿತ್ತಿ ಅವಳ ಕೈ ಹಿಡಿದು ಅದುಮಿ, ಆಗಲೇ ಮೈಕ್ ಮುಂದೆ ಕೂತಳು. ಓದೋ ಅಕ್ಕ ಮೆಟ್ಟಿಲಿನವರೆಗೆ ಬಂದಳು, ಇಳಿಯಲಾಗಲಿಲ್ಲ. ಬಾಗಿಲಾಚೆಯಿಂದ ಕಾದಂಬರಿಯ ಮೊದಲ ಸಾಲುಗಳು ಕೇಳಿಬರುತ್ತಿದ್ದವು. ಹಾಳಾದವಳು ಎಷ್ಟು ಚೆನ್ನಾಗಿ ಓದುತ್ತಿದ್ದಳೆಂದರೆ, ಇವಳ ಕಣ್ಣಲ್ಲಿ ನೀರು ಬಂತು. ಅದು ಹೊಟ್ಟೆಕಿಚ್ಚಿನದೋ ಕಥೆಯದೋ ಅವಳಿಗೇ ತಿಳಿಯಲಿಲ್ಲ.

ತಿರುಗಿ ಬಾಗಿಲು ತಳ್ಳಿದಳು. "ಆಫ್ ಮಾಡೇ. ಒಂದು ಕೆಲಸ ಬಾಕಿ ಇದೆ."

ಮತ್ತೆ ಬಿಚ್ಚಿ, ಹಾಳೆಯನ್ನು ಸರಕ್ಕನೆ ಕಿತ್ತಳು. ಓರಗಿತ್ತಿ ನೋಡಿಬಿಟ್ಟಳು. "ಅದೇನಕ್ಕಾ?"

"ತೆಗೀಬೇಕಾಗಿತ್ತು. ಇದ್ದಿದ್ರೆ ಕಾದು ಆರಿಹೋಗ್ತಿತ್ತು."

"ಮರ್ತಿದ್ಯಾ?"

ಅವಳು ಬಗ್ಗಿ ಪೇಸ್ಟ್ ಒರೆಸತೊಡಗಿದಳು. ಓರಗಿತ್ತಿ ಅವಳ ಮುಖವನ್ನೇ ಕ್ಷಣ ನೋಡಿ, ಕೈಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಕೊಡುತ್ತ ಹೋದಳು. ಎಲ್ಲ ಮುಗಿದ ಮೇಲೆ, "ಚಹಾ ಆರಿದೆ, ಬಿಸಿ ಮಾಡ್ತೀನಿ, ಕುಡ್ಕೊಂಡೇ ಹೋಗು" ಎಂದಳು. ಇಬ್ಬರೂ ಎದುರುಬದುರು ಕೂತು ಕುಡಿದರು.

ಆ ವಿಷಯ ಮುಂದೆಂದೂ ಅವರ ನಡುವೆ ಬರಲಿಲ್ಲ. ಓದೋ ಅಕ್ಕನಿಗೆ ಪ್ರಕಾಶಕರು ಆಮೇಲೆ ಇತಿಹಾಸದ, ವಿಜ್ಞಾನದ ಪುಸ್ತಕಗಳನ್ನೇ ಕಳಿಸುತ್ತ ಬಂದರು. ಆ ಗಟ್ಟಿ, ಸ್ಪಷ್ಟ ದನಿಗೆ ಅವು ಹೊಂದುತ್ತವೆ ಎಂದು ಎಲ್ಲರೂ ಹೇಳಿದರು. ಅವಳು ಅಚ್ಚುಕಟ್ಟಾಗಿ ಓದಿಕೊಟ್ಟಳು, ಮನಸ್ಸು ಮಾತ್ರ ಕಾದಂಬರಿಗಳ ಕಡೆಗೇ ಜಗ್ಗುತ್ತಿತ್ತು.

ದೊಡ್ಡ ಕಾದಂಬರಿ ಹೊರಬಂದ ದಿನ ಅತ್ತೆಗಿಂತ ಮೊದಲು ಅವಳೇ ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದಳು. ಎಲ್ಲೂ ಕೊಂಕು ಸಿಗಲಿಲ್ಲ. ಕೊನೆಗೆ ಒಂದು ಕಡೆ ಓರಗಿತ್ತಿ ಉಸಿರು ಎಳೆದ ಸದ್ದು ಸಣ್ಣಗೆ ಕೇಳಿಸಿತು. ಯಾರಿಗೂ ಹೇಳಲಿಲ್ಲ. ಆ ಜಾಗಕ್ಕೆ ಹಿಂದೆ ಹೋಗಿ ಇನ್ನೊಮ್ಮೆ ಕೇಳಿದಳು, ಆಮೇಲೆ ಮತ್ತೂ ಒಮ್ಮೆ.