ಓಬಿನ್ನನ ಏಳನೆಯ ಹಾಡು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ದಿನಚರಿ ಬರೆಯುವವಳು. ಬರೆದಿಟ್ಟದ್ದೆಲ್ಲ ನಡೆದದ್ದೇ ಎಂದು ನಂಬಿ ಪೇಚಿಗೆ ಸಿಕ್ಕಿದವಳೂ ಹೌದು. ಈಚೆಗೆ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದಾಗ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಬಂತು. ಈ ಕಡೆಯವರಾದರೆ ನಿಮಗೆ ಗೊತ್ತು: ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿನೊಳಗೆ ಹಸಿರೆಲೆ ಹಳದಿಗೆ ತಿರುಗುವಾಗ ಬರುವ, ಬೆಲ್ಲವೋ ಒದ್ದೆ ಹುಲ್ಲೋ ತಿಳಿಯದ ವಾಸನೆ. ಅದೇ ಹೊತ್ತಿಗೆ ಫೋನಿಗೆ ಓಬಿನ್ನನ ಸಂದೇಶವೂ ಬಂತು. ಅಥವಾ ಸಂದೇಶ ನೋಡಿದ ಮೇಲೆ ವಾಸನೆ ಬಂತೋ ಏನೋ.

‘ಕೊನೆಗೂ ನನ್ನ ಮೊದಲ ಆಲ್ಬಮ್ ಮುಗಿಯಿತು. ಒಂಬತ್ತು ಹಾಡು. ಏಳನೆಯದರಲ್ಲಿ ನಿನ್ನ ದೊಡ್ಡಮ್ಮ ಇದ್ದಾರೆ. ಅವರ ಹೆಸರು ಹೇಗೆ ಬರೆಯಲಿ?’

ಓಬಿನ್ನ ನೈಜೀರಿಯಾದವನು. ಮೈಸೂರಿನಲ್ಲಿ ಎಂ.ಎಸ್ಸಿ. ಸಸ್ಯಶಾಸ್ತ್ರ ಓದುವಾಗ ನನ್ನ ಸಹಪಾಠಿ. ಓದಿಗಿಂತ ರ‍್ಯಾಪ್ ಮೇಲೆ ಅವನ ಜೀವ. ಬಾಡಿಗೆ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಬೀರುವಿನಲ್ಲಿ ತೂಗುಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿ ಹಾಡು ರೆಕಾರ್ಡ್ ಮಾಡುತ್ತಿದ್ದ. ಕಾಲೇಜು ಉತ್ಸವದಲ್ಲಿ ವೇದಿಕೆ ಹತ್ತಿದಾಗ ಹುಡುಗರು ಸಿನಿಮಾ ಹಾಡು ಬೇಕೆಂದು ಗಲಾಟೆ ಎಬ್ಬಿಸಿದರು. ಎರಡನೇ ಸಾಲಿನಲ್ಲಿದ್ದ ನಾನು ಚಪ್ಪಾಳೆಯನ್ನೂ ತಟ್ಟದೆ ನನ್ನ ಚಪ್ಪಲಿ ನೋಡುತ್ತಾ ಕೂತಿದ್ದೆ. ಆಮೇಲೆ ಸಮಾಧಾನ ಹೇಳುವ ಭರದಲ್ಲಿ, ‘ಇದು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಊರುಗಳ ಹೆಸರು ಕೂಗಿದ ಹಾಗಿದೆ’ ಎಂದುಬಿಟ್ಟೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಮರುದಿನ ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ಗಂಟೆ ನಿಂತು ಬಂದ. ‘ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಕೊಪ್ಪ... ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂದೇ ಗೊತ್ತಾಗುವುದಿಲ್ಲ!’ ಎಂದು ಬೆರಗಾಗಿ ಹೇಳಿದ. ಆಲ್ಬಮ್ಮಿನ ಎರಡನೇ ಹಾಡಿನ ಲಯ ಅಲ್ಲಿಂದಲೇ ಬಂದದ್ದಂತೆ.

ಹೊಗೆಸೊಪ್ಪಿನ ಎಲೆಚುಕ್ಕಿ ರೋಗದ ಪ್ರಾಜೆಕ್ಟಿಗೆಂದು ಅವನನ್ನು ರಾವಂದೂರಿನ ನಮ್ಮ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋಗಿದ್ದೆ. ದೊಡ್ಡಮ್ಮ ಚೆನ್ನಾಜಮ್ಮ ಬ್ಯಾರನ್ ಪಕ್ಕದ ಚಪ್ಪರದಲ್ಲಿ ಕೂತು ಹಸಿ ಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದರು. ಜೊತೆಗೆ ನಾಲ್ಕೈದು ಹೆಂಗಸರು. ಎಲ್ಲರ ಬೆರಳೂ ಅಂಟಿನಿಂದ ಕಪ್ಪು. ಓಬಿನ್ನನ ಹೆಸರು ಅವರ ಬಾಯಲ್ಲಿ ಕ್ಷಣದಲ್ಲೇ ‘ಓಬಣ್ಣ’ ಆಯಿತು.

‘ಯಾಕವ್ವ ಓಬಣ್ಣ ಮಕ ಇಳೇ ಬುಟ್ಕಂಡವ್ನೆ?’ ದೊಡ್ಡಮ್ಮ ಕೇಳಿದರು.

‘ಇವತ್ತು ಅವನ ತಂಗಿ ಮದುವೆ ದೊಡ್ಡಮ್ಮ. ಪರೀಕ್ಷೆ ಅಂತ ಹೋಗಕ್ಕಾಗ್ಲಿಲ್ಲ.’

‘ಅಯ್ಯೋ ಸಿವನೆ! ತಂಗಿ ಎಸ್ರೇನಂತೆ?’

‘ಅಮಾಕಾ.’

‘ಅಮ್ಮಕ್ಕ’ ಎಂದು ದೊಡ್ಡಮ್ಮ ಎರಡು ಸಲ ಹೇಳಿ ನಾಲಿಗೆಗೆ ಪಳಗಿಸಿಕೊಂಡರು. ಆಮೇಲೆ ಸೊಪ್ಪಿನಿಂದ ಕಣ್ಣೆತ್ತದೆ, ಮದುಮಗಳ ಹೆಸರಿನ ಜಾಗದಲ್ಲಿ ಅಮ್ಮಕ್ಕನನ್ನು ಕೂರಿಸಿ ಸೋಬಾನೆ ಹಾಡತೊಡಗಿದರು.

ಕೋಲು ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು. ಒಂದು ಕಾಲಕ್ಕೆ ದೊಡ್ಡಮ್ಮನಿಲ್ಲದೆ ಆ ಸುತ್ತಿನಲ್ಲಿ ಹೆಣ್ಣಿಗೆ ಅರಿಸಿನ ಹಚ್ಚುತ್ತಿರಲಿಲ್ಲ. ದೊಡ್ಡಪ್ಪ ಹೋದ ಮೇಲೆ ಅದು ಮುಗಿಯಿತು. ಗಂಡ ಸತ್ತವಳು ಮದುವೆ ಚಪ್ಪರದಲ್ಲಿ ಸೋಬಾನೆ ಹೇಳುವಂತಿಲ್ಲ; ಯಾರೂ ಬೇಡ ಎನ್ನಲಿಲ್ಲ, ಯಾರೂ ಕರೆಯಲಿಲ್ಲ, ಅಷ್ಟೆ. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ, ‘ಚೆನ್ನಾಜಕ್ಕ, ನೀ ಯೋಳ್ಬೋದಾ?’ ಎಂದಳು.

‘ಇದು ಸೊಪ್ಪಿನ್ ಚಪ್ರ ಕಣೇ, ಮದ್ವೆ ಚಪ್ರ ಅಲ್ಲ. ಕಟ್ಟು ನೀನು’ ಎಂದು ದೊಡ್ಡಮ್ಮ ಹಾಡು ಮುಂದುವರಿಸಿದರು.

ಓಬಿನ್ನ ಫೋನ್ ತೆಗೆದು, ‘ರೆಕಾರ್ಡ್ ಮಾಡಲೇ ಎಂದು ಅವರನ್ನು ಕೇಳು’ ಎಂದು ನನಗೆ ಪಿಸುಗುಟ್ಟಿದ. ಆ ದಿನದ ನನ್ನ ದಿನಚರಿಯಲ್ಲಿ ಹೀಗಿದೆ: ‘ದೊಡ್ಡಮ್ಮನನ್ನು ಕೇಳಿದೆ. ಆಗಲಿ ಎಂದರು.’ ನೆನಪು ಮಾತ್ರ ಬೇರೆಯೇ ಹೇಳುತ್ತದೆ. ದೊಡ್ಡಮ್ಮ ಹಾಡಿನ ನಡುವೆ, ‘ಏನವ್ವ ಅದು ಇಡ್ಕಂಡವ್ನೆ?’ ಎಂದಿದ್ದರು, ನಾನು, ‘ಎಲೆ ಫೋಟೊ ತೆಗೀತಾನೆ, ನೀವು ಹೇಳಿ’ ಎಂದಿದ್ದೆ. ಗೊತ್ತಾದರೆ ನಿಲ್ಲಿಸಿಬಿಡುತ್ತಾರೆಂಬ ಹೆದರಿಕೆ ನನಗೆ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ನನಗೆ ಗೊತ್ತು ಎಂದೇ ಅನ್ನಿಸುತ್ತದೆ.

ಓಬಿನ್ನ ಊರಿಗೆ ಮರಳಿ ಶಾಲೆಯಲ್ಲಿ ವಿಜ್ಞಾನ ಕಲಿಸಿದ. ಸಂಜೆಗಳಲ್ಲಿ ಹೆಸರಾದವರ ಕಾರ್ಯಕ್ರಮಕ್ಕೆ ಮುಂಚೆ, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ, ಹತ್ತು ನಿಮಿಷ ಹಾಡಿದ. ಬಿಡಿ ಹಾಡುಗಳನ್ನು ಬಿಡುಗಡೆ ಮಾಡಿದ, ಕೇಳಿದವರು ಕಡಿಮೆ. ತಂಗಿಯ ಮದುವೆಗೆ ಹೋಗಲಾಗದ್ದರ ಬಗೆಗಿನ ಹಾಡನ್ನು ಮಾತ್ರ ವರ್ಷಗಟ್ಟಲೆ ಬರೆದು ಹರಿದನಂತೆ. ದೊಡ್ಡಮ್ಮನ ದನಿಯ ಕೆಳಗೆ ತನ್ನ ಮಾತನ್ನು ಇಟ್ಟ ಮೇಲೆಯೇ ಅದು ತನ್ನ ಕಾಲ ಮೇಲೆ ನಿಂತಿತಂತೆ. ಸಂದೇಶದ ಜೊತೆ ಕಳಿಸಿದ್ದ ಆ ಹಾಡನ್ನು ಬಸ್ಸಿನಲ್ಲೇ ಕೇಳಿದೆ. ಅವನು ತನ್ನ ಇಗ್ಬೊ ಭಾಷೆಯಲ್ಲಿ ಓಡುತ್ತಾನೆ, ದೊಡ್ಡಮ್ಮ ಅವಸರವಿಲ್ಲದೆ ಜೊತೆಗೆ ನಡೆಯುತ್ತಾರೆ. ಚಪ್ಪಾಳೆ ತಟ್ಟದ ನನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಹೆಸರು ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡದೆ ರಾವಂದೂರಿಗೆ ಹೋಗಿ, ಎಲೆ ಫೋಟೊ ಎಂದದ್ದು ಸುಳ್ಳೆಂದು ಒಪ್ಪಿಕೊಂಡು, ಹಾಡು ಕೇಳಿಸಿದೆ. ದೊಡ್ಡಮ್ಮ ಫೋನನ್ನು ಕಿವಿಗೊತ್ತಿ ಪೂರ್ತಿ ಕೇಳಿದರು.

‘ಇದ್ನ ಯಾರ್ಯಾರ್ ಕೇಳ್ತರೆ?’

‘ಯಾರ್ ಬೇಕಾದ್ರೂ ಕೇಳ್ಬೋದು.’

‘ನಮ್ಮೂರೋರೂವೆ?’

‘ಹೂಂ.’

ದೊಡ್ಡಮ್ಮ ಫೋನನ್ನು ಸೆರಗಿನಿಂದ ಒರೆಸಿ, ‘ಅಮ್ಮಕ್ಕಂಗೆ ಮಕ್ಳಾದ್ವಂತಾ?’ ಎಂದರು.

‘ಇಬ್ರು.’

‘ಇನ್ನೊಂದ್ ದಪ ಆಕು’ ಎಂದು ಫೋನನ್ನು ನನ್ನತ್ತ ಚಾಚಿದರು.

ಅದಾಗಿ ಹನ್ನೊಂದು ದಿನವಾಯಿತು; ದೊಡ್ಡಮ್ಮ ಇನ್ನೂ ಹೂಂ ಎಂದಿಲ್ಲ, ಬೇಡ ಎಂದೂ ಇಲ್ಲ. ಓಬಿನ್ನ ಆಲ್ಬಮ್ ತಡೆದಿಟ್ಟುಕೊಂಡು, ಏನಂದರು ಎಂದು ಕೇಳುತ್ತಲೇ ಇದ್ದಾನೆ. ಈ ಸಲ ಅವರ ಪರವಾಗಿ ನಾನು ಹೂಂ ಅನ್ನುವುದಿಲ್ಲ, ಕಾಯೋಣ ಎಂದು ಬರೆಯುತ್ತೇನೆ. ಆ ದಿನ ಹಾಡು ಎರಡನೇ ಸಲ ಮುಗಿದಾಗ ದೊಡ್ಡಮ್ಮನನ್ನು ನಾನು ಕೇಳಿದ್ದು ಇಷ್ಟೇ:

‘ದೊಡ್ಡಮ್ಮ, ಈ ಹಾಡಲ್ಲಿ ನೀವು ಇರ್ತೀರಾ?’